ಹಗಲಲ್ಲೇ ಓಡಾಡುವ ರಕ್ತಪಿಶಾಚಿ: ತಪ್ಪು ಸಿನಿಮಾದ್ದಾ, ಕಾಪಿದಾ?

ಪ್ರಶ್ನೆ: ಹಾಸನದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಮನೆಗೆ ಬಂದರೆ ಬೇಗ ನಿದ್ದೆ ಬರುವುದಿಲ್ಲ. ಎರಡು ತಿಂಗಳಿಂದ ಹಳೆಯ, ವಿಚಿತ್ರ ಹಾರರ್ ಸಿನಿಮಾಗಳ ಹುಚ್ಚು ಹಿಡಿದಿದೆ. ಇಪ್ಪತ್ತರ ಮೇಲೆ ನೋಡಿದ್ದೇನೆ. ಈಗ ಒಂದು ಅನುಮಾನ ಶುರುವಾಗಿದೆ: ನಾನು ನೋಡಿದ್ದು ನಿಜವಾದ ಸಿನಿಮಾನಾ? 1922ರ ‘ನೊಸ್ಫೆರಾಟು’ದಲ್ಲಿ ರಕ್ತಪಿಶಾಚಿ ಮಟಮಟ ಮಧ್ಯಾಹ್ನ ಶವಪೆಟ್ಟಿಗೆ ಹೊತ್ತುಕೊಂಡು ಬೀದಿಯಲ್ಲಿ ಹೋಗುತ್ತಾನೆ. ಕೊನೆಯಲ್ಲಿ ನೋಡಿದರೆ ಬೆಳಗಿನ ಬಿಸಿಲಿಗೇ ಸಾಯುತ್ತಾನೆ! ಎಲ್ಲರೂ ಕಾಮಿಡಿ ಸಿನಿಮಾದ ಥರ ದಡಬಡ ಓಡಾಡುತ್ತಾರೆ. ‘ಸಸ್ಪಿರಿಯಾ’ದಲ್ಲಿ ತುಟಿಗೂ ಮಾತಿಗೂ ಹೊಂದಿಕೆಯೇ ಇಲ್ಲ. ಪುಣೆಯಲ್ಲಿರುವ ಚಿಕ್ಕಪ್ಪನ ಮಗ ನೋಡಿದ ಕಾಪಿಯಲ್ಲಿ ಅದರ ಬಣ್ಣವೇ ಬೇರೆ. ‘ದಿ ವಿಕರ್ ಮ್ಯಾನ್’ ನನ್ನದು 88 ನಿಮಿಷ, ಅವನದು 94. ‘ನೈಟ್ ಆಫ್ ದ ಲಿವಿಂಗ್ ಡೆಡ್’ ಎಲ್ಲೆಲ್ಲೂ ಪುಕ್ಕಟೆ ಸಿಗುತ್ತದೆ, ಅದು ಪೈರಸಿನಾ? ‘ಕ್ಯಾನಿಬಲ್ ಹೊಲೊಕಾಸ್ಟ್’ನಲ್ಲಿ ಜನರನ್ನು ನಿಜವಾಗಿ ಕೊಂದಿದ್ದಾರೆ ಅಂತ ಒಬ್ಬರು ಹೇಳಿದರು, ನೋಡುವ ಧೈರ್ಯ ಬರಲಿಲ್ಲ. ಒಂದು ಪ್ರೊಜೆಕ್ಟರ್ ತೆಗೆದುಕೊಂಡು ತಿಂಗಳಿಗೊಂದು ಶನಿವಾರ ಏಳೆಂಟು ಗೆಳೆಯರಿಗೆ ಇಂಥ ಸಿನಿಮಾ ತೋರಿಸಬೇಕು ಅಂದುಕೊಂಡಿದ್ದೇನೆ. ಯಾವ ಕಾಪಿ ನಂಬಲಿ? ನಮ್ಮ ತಂದೆಯ ವಿಡಿಯೋ ಲೈಬ್ರರಿಯ ಒಂದು ಪೆಟ್ಟಿಗೆ ಕ್ಯಾಸೆಟ್ ಅಟ್ಟದ ಮೇಲಿದೆ. ಅವೇನಾದರೂ ಕೆಲಸಕ್ಕೆ ಬರುತ್ತವಾ?

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ನಾನೇ ಮಾಡಿದ ಒಂದು ಎಡವಟ್ಟು ನೆನಪಾಯಿತು. ಚೆನ್ನೈನ ಒಂದು ಲ್ಯಾಬ್‌ನಲ್ಲಿ ಟೆಲಿಸಿನಿ ವಿಭಾಗಕ್ಕೆ ಸೇರಿ ಆರು ತಿಂಗಳಾಗಿತ್ತು. ಟೆಲಿಸಿನಿ ಅಂದರೆ ರೀಲಿನಲ್ಲಿರುವ ಸಿನಿಮಾವನ್ನು ಟಿವಿಗಾಗಿ ಟೇಪಿಗೆ ಇಳಿಸುವ ಕೆಲಸ. ಹಳೆಯ ಕಪ್ಪು-ಬಿಳುಪು ಚಿತ್ರವೊಂದು ಬಂದಿತ್ತು. ಒಂದು ದೃಶ್ಯ ತೀರಾ ಕತ್ತಲೆ ಅನ್ನಿಸಿತು, ಗುಂಡಿ ತಿರುಗಿಸಿ ಬೆಳಕು ಏರಿಸಿದೆ. ಬಾವಿಕಟ್ಟೆ, ಹುಣಸೆಮರ, ಬಿಳಿ ಸೀರೆಯ ಹೆಂಗಸು, ಅವಳ ಕೈಯಲ್ಲಿ ಕಂದೀಲು, ಎಲ್ಲ ಸ್ಪಷ್ಟವಾಗಿ ಕಂಡಿತು. ನನಗೋ ಖುಷಿ. ಹಿಂದೆ ಬಂದು ನಿಂತ ಸೀನಿಯರ್ ಒಬ್ಬರು, “ಏನಪ್ಪಾ, ದೆವ್ವನ ಬಿಸಿಲಿಗೆ ಒಣಗಹಾಕಿದ್ದೀಯಾ?” ಅಂದರು. ನೋಡಿದರೆ ಆ ಹೆಂಗಸಿನ ಕಾಲ ಬುಡದಲ್ಲಿ ಅಚ್ಚುಕಟ್ಟಾದ ನೆರಳು ಬಿದ್ದಿತ್ತು. ಹಗಲಲ್ಲಿ ಶೂಟ್ ಮಾಡಿ, ಪ್ರಿಂಟ್ ಹಾಕುವಾಗ ಕಪ್ಪು ಮಾಡಿ ರಾತ್ರಿ ಅನ್ನಿಸಿದ್ದರು. ಸಿನಿಮಾದವರು ಕಷ್ಟಪಟ್ಟು ತಂದ ರಾತ್ರಿಯನ್ನು ನಾನು ಎರಡು ಸೆಕೆಂಡಿನಲ್ಲಿ ಮಧ್ಯಾಹ್ನ ಮಾಡಿಬಿಟ್ಟಿದ್ದೆ.

ನಿಮ್ಮ ರಕ್ತಪಿಶಾಚಿಗೂ ಆಗಿರುವುದು ಇದೇ.

ನಿಮ್ಮ ಚಿಂತೆ ನನಗೆ ಅರ್ಥವಾಗುವುದು ಹೀಗೆ: ಇಷ್ಟೊಂದು ರಾತ್ರಿ ನಿದ್ದೆಗೆಟ್ಟು ನೋಡಿದ್ದು ಅಸಲಿಯಾ, ನಕಲಿಯಾ. ಇದು ಅತಿಯಾದ ಅನುಮಾನವೇನಲ್ಲ. ಇಂಥ ಸಿನಿಮಾಗಳು ಹೆಚ್ಚಾಗಿ ಕಡಿಮೆ ದುಡ್ಡಿನಲ್ಲಿ ಆದವು, ಹಂಚಿಕೆದಾರರ ಕೈಯಲ್ಲಿ ಕತ್ತರಿಸಿಕೊಂಡವು, ಗೋಡೌನಿನಲ್ಲಿ ಕೊಳೆತವು. ದೊಡ್ಡ ಕಂಪನಿಯ ದೊಡ್ಡ ಚಿತ್ರಕ್ಕೆ ಸಿಗುವ ಕಾಳಜಿ ಇವಕ್ಕೆ ಸಿಗಲಿಲ್ಲ. ಹಾಗಾಗಿ ಇಲ್ಲಿ ಏನಾದರೂ ವಿಚಿತ್ರ ಕಂಡರೆ, ಅದು ನಿರ್ದೇಶಕ ಬೇಕೆಂದೇ ಮಾಡಿದ್ದಾ, ಲ್ಯಾಬ್‌ನಲ್ಲಿ ಆಗಿದ್ದಾ, ಇಲ್ಲಾ ನಿಮ್ಮ ಟಿವಿ ಸೇರಿಸಿದ್ದಾ ಅಂತ ಕೇಳಿಕೊಳ್ಳಲೇಬೇಕು. ನಿಮ್ಮ ಪಟ್ಟಿಯಲ್ಲಿ ಈ ಮೂರೂ ಕಲಸಿಕೊಂಡಿವೆ.

ಮೊದಲು ‘ನೊಸ್ಫೆರಾಟು’. ಆಗಿನ ಫಿಲ್ಮಿಗೆ ಈಗಿನಷ್ಟು ಸೂಕ್ಷ್ಮತೆ ಇರಲಿಲ್ಲ. ಬೀದಿಯಲ್ಲಿ ರಾತ್ರಿ ಹೊತ್ತು ಶೂಟ್ ಮಾಡುವುದು ಹೆಚ್ಚುಕಡಿಮೆ ಆಗದ ಮಾತು. ಅದಕ್ಕೇ ನಿರ್ದೇಶಕ ಮುರ್ನಾವ್ ಹಗಲಲ್ಲೇ ತೆಗೆದರು. ಆಮೇಲೆ ಪ್ರಿಂಟಿಗೆ ಬಣ್ಣ ಹಾಕಿದರು. ಬಣ್ಣ ಅಂದರೆ ಈಗಿನ ಕಲರ್ ಸಿನಿಮಾ ಅಲ್ಲ, ಇಡೀ ದೃಶ್ಯದ ಫಿಲ್ಮನ್ನೇ ಒಂದು ಬಣ್ಣದ ದ್ರಾವಣದಲ್ಲಿ ಅದ್ದಿ ತೆಗೆಯುವುದು. ನೀಲಿ ಇದ್ದರೆ ರಾತ್ರಿ, ಹಳದಿ ಛಾಯೆ ಇದ್ದರೆ ದೀಪದ ಬೆಳಕಿನ ಕೋಣೆ, ಗುಲಾಬಿ ಇದ್ದರೆ ಬೆಳಗಿನ ಜಾವ. ಆ ಕಾಲದ ಪ್ರೇಕ್ಷಕರಿಗೆ ಈ ಭಾಷೆ ಗೊತ್ತಿತ್ತು. ನಮ್ಮ ನಾಟಕದಲ್ಲಿ ನೀಲಿ ಲೈಟು ಬಿದ್ದ ಕೂಡಲೇ ರಾತ್ರಿ ಅಂತ ನಾವು ಒಪ್ಪಿಕೊಳ್ಳುವುದಿಲ್ವಾ, ಹಾಗೆ.

ಆಮೇಲೆ ಏನಾಯಿತು ಅಂದರೆ, ಚಿತ್ರ ಮಾಡಿದವರು ‘ಡ್ರಾಕುಲಾ’ ಕಾದಂಬರಿಯ ಹಕ್ಕು ಪಡೆದಿರಲಿಲ್ಲ. ಲೇಖಕ ಸ್ಟೋಕರ್ ಅವರ ಪತ್ನಿ ಕೋರ್ಟಿಗೆ ಹೋದರು. 1925ರಲ್ಲಿ ಜರ್ಮನಿಯ ಕೋರ್ಟು ಎಲ್ಲ ಕಾಪಿಗಳನ್ನೂ ನಾಶ ಮಾಡಲು ಹೇಳಿತು. ಅಲ್ಲಿ ಇಲ್ಲಿ ತಪ್ಪಿಸಿಕೊಂಡ ಪ್ರಿಂಟುಗಳಿಂದ ಚಿತ್ರ ಬದುಕಿತು. ಅವುಗಳಿಂದ ಕಾಪಿಯ ಮೇಲೆ ಕಾಪಿ ತೆಗೆಯುವಾಗ ಸುಮ್ನೆ ಕಪ್ಪು-ಬಿಳುಪು ಫಿಲ್ಮಿಗೆ ತೆಗೆದರು. ನೀಲಿ ಹೋಯಿತು. ನೀಲಿ ಹೋದ ಕೂಡಲೇ ರಾತ್ರಿ ಹೋಯಿತು. ದಶಕಗಟ್ಟಲೆ ಜನ ನೋಡಿದ್ದು, ನೀವು ನೋಡಿದ್ದು, ಈ ಬಿಸಿಲಿನ ಕಾಪಿ. ಮೂಲದ ಬಣ್ಣ ಉಳಿಸಿಕೊಂಡಿದ್ದ ಪ್ರಿಂಟ್ ಒಂದು ಫ್ರಾನ್ಸಿನಲ್ಲಿ ಸಿಕ್ಕಿದ್ದರಿಂದ ಈಗ ಸರಿಯಾದ ಬಣ್ಣದ ಪ್ರತಿ ಇದೆ. ಅದರಲ್ಲಿ ಶವಪೆಟ್ಟಿಗೆ ಹೊತ್ತವನು ನೀಲಿ ರಾತ್ರಿಯಲ್ಲಿ ನಡೆಯುತ್ತಾನೆ. ಅದೇ ದೃಶ್ಯ, ಅದೇ ನಡಿಗೆ, ಆದರೆ ಬೆನ್ನಲ್ಲಿ ಚಳಿ ಹುಟ್ಟುತ್ತದೆ.

ಇಲ್ಲಿ ಇನ್ನೊಂದು ತಮಾಷೆ ಇದೆ. ರಕ್ತಪಿಶಾಚಿ ಬಿಸಿಲಿಗೆ ಸಾಯುತ್ತಾನೆ ಅನ್ನುವುದು ಹಳೇ ಕಾಲದ ನಂಬಿಕೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. 1897ರ ಕಾದಂಬರಿಯಲ್ಲಿ ಡ್ರಾಕುಲಾ ಹಗಲು ಹೊತ್ತು ಲಂಡನ್ನಿನಲ್ಲಿ ಆರಾಮಾಗಿ ಓಡಾಡುತ್ತಾನೆ! ಬಿಸಿಲಿಗೆ ಸಾಯುವ ಉಪಾಯ ಸಿನಿಮಾಕ್ಕೆ ಬಂದದ್ದು ಈ ಚಿತ್ರದಿಂದಲೇ. ಅಂದರೆ ಬಿಸಿಲಿಗೆ ಸಾಯಬೇಕು ಅಂತ ನಿಯಮ ಮಾಡಿದ ಚಿತ್ರವೇ, ಬಣ್ಣ ಕಳೆದುಕೊಂಡು, ಬಿಸಿಲಲ್ಲಿ ಓಡಾಡಿಸುವಂತೆ ಕಾಣುತ್ತಿದೆ.

ಇನ್ನು ದಡಬಡ ಓಟ. ಮೂಕಿ ಚಿತ್ರಗಳ ಕಾಲದಲ್ಲಿ ಸೆಕೆಂಡಿಗೆ ಇಷ್ಟೇ ಫ್ರೇಮು ಅಂತ ಕಟ್ಟುನಿಟ್ಟು ಇರಲಿಲ್ಲ. ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಹದಿನಾರು, ಹದಿನೆಂಟು, ಇಪ್ಪತ್ತು, ಹೀಗೆ. ಟಾಕಿ ಬಂದ ಮೇಲೆ 24 ಅಂತ ನಿಗದಿಯಾಯಿತು. 18ರ ವೇಗಕ್ಕೆ ತೆಗೆದದ್ದನ್ನು 24ರಲ್ಲಿ ಓಡಿಸಿದರೆ 90 ನಿಮಿಷದ ಚಿತ್ರ ಅರವತ್ತೇಳೂವರೆ ನಿಮಿಷಕ್ಕೆ ಮುಗಿಯುತ್ತದೆ. ಗಂಭೀರವಾಗಿ ನಡೆಯುವವನು ಬಸ್ಸು ತಪ್ಪಿಹೋಗುತ್ತೆ ಅನ್ನುವವನ ಥರ ಕಾಣುತ್ತಾನೆ. ಈ ತಪ್ಪು ಕಾಪಿ ಮಾಡಿದವರದು. ಆದರೆ ಜೋಪಾನ. ಸರಿಯಾದ ವೇಗದ ಪ್ರತಿಯಲ್ಲೂ ಕಾಡಿನ ಕುದುರೆಗಾಡಿ ವಿಪರೀತ ವೇಗದಲ್ಲೇ ಹೋಗುತ್ತದೆ. ಅಷ್ಟು ಹೊತ್ತಿಗೆ ಚಿತ್ರವೇ ನೆಗೆಟಿವ್ ಆಗಿ, ಮರಗಳೆಲ್ಲ ಬೆಳ್ಳಗಾಗುತ್ತವೆ. ಅದು ಮುರ್ನಾವ್ ಬೇಕೆಂದೇ ಮಾಡಿದ್ದು. ಗಾಡಿಗೆ ಶವಪೆಟ್ಟಿಗೆಗಳನ್ನು ಪಟಪಟನೆ ಪೇರಿಸುವ ದೃಶ್ಯವೂ ಹಾಗೇ. ಉಳಿದವರೆಲ್ಲ ಮನುಷ್ಯರ ವೇಗದಲ್ಲಿದ್ದಾಗ ಮಾತ್ರ ಅವನ ವೇಗ ಅಮಾನುಷ ಅನ್ನಿಸುತ್ತದೆ. ಎಲ್ಲರೂ ಓಡುವ ಕಾಪಿಯಲ್ಲಿ ಆ ಭಯವೇ ಸಿಗುವುದಿಲ್ಲ. ಇದನ್ನು ಖಂಡಿತ ಇನ್ನೊಮ್ಮೆ ನೋಡಿ.

‘ಸಸ್ಪಿರಿಯಾ’ ವಿಷಯದಲ್ಲಿ ನಿಮಗೆ ಮೋಸ ಆಗಿಲ್ಲ. ತುಟಿ ಹೊಂದದಿರುವುದೇ ಅಸಲಿ. ಈ ಚಿತ್ರ ಬಂದ ಎಪ್ಪತ್ತರ ದಶಕದ ಇಟಲಿಯಲ್ಲಿ ಸೆಟ್ಟಿನಲ್ಲಿ ಧ್ವನಿ ತೆಗೆದುಕೊಳ್ಳುವ ರೂಢಿ ಕಡಿಮೆ. ಬೇರೆ ಬೇರೆ ದೇಶದ ನಟರು ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು, ಆಮೇಲೆ ಡಬ್ಬಿಂಗ್. ಕನ್ನಡದವರಿಗೆ ಇದು ಹೊಸದೇನಲ್ಲ. ನಮ್ಮಲ್ಲೂ ಕ್ಯಾಮೆರಾ ಹೊಲಿಗೆ ಮಷೀನಿನ ಥರ ಸದ್ದು ಮಾಡುತ್ತಿದ್ದ ಕಾಲದಲ್ಲಿ ಎಲ್ಲ ಮಾತೂ ಆಮೇಲೆ ಡಬ್ಬಿಂಗ್ ಥಿಯೇಟರಿನಲ್ಲೇ ಸೇರುತ್ತಿತ್ತು. ನಾಯಕಿಗೆ ಇನ್ಯಾರದೋ ಕಂಠ ಇದ್ದರೆ ನಾವು ಅದನ್ನು ನಕಲಿ ಅಂದೆವಾ? ಇಂಗ್ಲಿಷ್ ಟ್ರ್ಯಾಕೂ ಡಬ್ಬಿಂಗೇ, ಇಟಾಲಿಯನ್ ಟ್ರ್ಯಾಕೂ ಡಬ್ಬಿಂಗೇ. ನಾನು ಇಂಗ್ಲಿಷನ್ನೇ ಹಾಕಿಕೊಳ್ಳುತ್ತೇನೆ. ಅದರಲ್ಲಿ ನಾಯಕಿ ಜೆಸ್ಸಿಕಾ ಹಾರ್ಪರ್ ಅವರದ್ದು ಸ್ವಂತ ಧ್ವನಿ. ಸೆಟ್ಟಿನಲ್ಲಿ ಧ್ವನಿ ತೆಗೆದುಕೊಳ್ಳದಿದ್ದರಿಂದ ಒಂದು ಅನುಕೂಲವೂ ಆಯಿತು. ನಿರ್ದೇಶಕ ಅರ್ಜೆಂಟೊ ಶೂಟಿಂಗ್ ನಡೆಯುವಾಗಲೇ ಗಾಬ್ಲಿನ್ ತಂಡದ ಸಂಗೀತವನ್ನು ಜೋರಾಗಿ ಹಾಕಿಬಿಡುತ್ತಿದ್ದರು. ನಟರ ಮುಖದ ಮೇಲಿನ ಆ ಗಾಬರಿಯಲ್ಲಿ ಸ್ವಲ್ಪ ಪಾಲು ಸ್ಪೀಕರಿನದು.

ಬಣ್ಣದ ಕಥೆ ಸ್ವಲ್ಪ ಉದ್ದ. ಇದು ನನ್ನ ಕಸುಬಿನ ವಿಷಯವಾದ್ದರಿಂದ ತಡೆದುಕೊಳ್ಳಿ. ಈ ಚಿತ್ರವನ್ನು ಮೂರು ಬಣ್ಣಕ್ಕೆ ಮೂರು ಬೇರೆ ಫಿಲ್ಮು ಓಡಿಸುವ ಹಳೆಯ ಟೆಕ್ನಿಕಲರ್ ಕ್ಯಾಮೆರಾದಲ್ಲಿ ತೆಗೆದರು ಅನ್ನುವ ಮಾತು ತುಂಬ ಕಡೆ ಓದುತ್ತೀರಿ. ಅದು ಸುಳ್ಳು. ತೆಗೆದದ್ದು ಎಲ್ಲರೂ ಬಳಸುತ್ತಿದ್ದ ಸಾಧಾರಣ ಈಸ್ಟ್‌ಮನ್ ನೆಗೆಟಿವ್‌ನಲ್ಲಿ. ನೆಗೆಟಿವ್ ಅಂದರೆ ಕ್ಯಾಮೆರಾದೊಳಗೆ ಓಡುವ ಮೂಲ ಫಿಲ್ಮು, ಪ್ರಿಂಟ್ ಅಂದರೆ ಅದರಿಂದ ಥಿಯೇಟರಿಗೆ ತೆಗೆಯುವ ಪ್ರತಿ. ವಿಶೇಷ ಇದ್ದದ್ದು ಪ್ರಿಂಟ್ ಹಾಕುವುದರಲ್ಲಿ. ರೋಮಿನ ಟೆಕ್ನಿಕಲರ್ ಲ್ಯಾಬ್‌ನಲ್ಲಿ ಮೂರು ಬಣ್ಣವನ್ನೂ ಬೇರೆ ಬೇರೆಯಾಗಿ, ಸೀರೆಗೆ ಅಚ್ಚು ಹಾಕಿದ ಹಾಗೆ, ಫಿಲ್ಮಿನ ಮೇಲೆ ಒತ್ತುತ್ತಿದ್ದರು. ಆ ಪದ್ಧತಿ ಆಗಲೇ ಕಣ್ಣು ಮುಚ್ಚುತ್ತಿತ್ತು, ಅದರಲ್ಲಿ ಬಂದ ಕೊನೆಯ ಚಿತ್ರಗಳಲ್ಲಿ ಇದೊಂದು. ಜೊತೆಗೆ ಛಾಯಾಗ್ರಾಹಕ ತೊವೊಲಿ ಬಣ್ಣದ ವೆಲ್ವೆಟ್ ಬಟ್ಟೆ, ತೆಳು ಕಾಗದಗಳನ್ನು ಚೌಕಟ್ಟಿಗೆ ಕಟ್ಟಿ ನಟರ ಮುಖದ ತೀರಾ ಹತ್ತಿರ ಹಿಡಿಸಿ, ಅದರ ಮೂಲಕ ಬೆಳಕು ಬಿಟ್ಟರು. ಆ ಕೆಂಪು, ಆ ನೀಲಿ ಬಂದದ್ದು ಹಾಗೆ.

ಈಗ ಆ ನೆಗೆಟಿವ್‌ನಿಂದ ಸುಮ್ನೆ ಕಾಪಿ ಇಳಿಸಿದರೆ ಬಣ್ಣ ಅಷ್ಟು ಗಾಢವಾಗಿ ಬರುವುದಿಲ್ಲ. ಗ್ರೇಡಿಂಗ್ (ಬಣ್ಣ, ಬೆಳಕು ಹೊಂದಿಸುವ ಕೆಲಸ) ಮಾಡುವವನು ಮೂಲ ಪ್ರಿಂಟ್ ಕಣ್ಣಾರೆ ನೋಡಿರದಿದ್ದರೆ, ‘ಮುಖ ಯಾಕೆ ಇಷ್ಟು ಕೆಂಪು?’ ಅಂತ ಸರಿಪಡಿಸಲು ಹೋಗುತ್ತಾನೆ. ನಾನು ದೆವ್ವವನ್ನು ಬಿಸಿಲಿಗೆ ಹಾಕಿದ ಹಾಗೆ. ನಿಮ್ಮ ಚಿಕ್ಕಪ್ಪನ ಮಗ ನೋಡಿದ್ದು ಬಹುಶಃ ಅಂಥ ಹಳೆಯ ಡಿವಿಡಿ ಪ್ರತಿ. 2017ರ ಹೊತ್ತಿಗೆ ಬಂದ, ತೊವೊಲಿ ಅವರೇ ಒಪ್ಪಿದ 4ಕೆ, ಅಂದರೆ ತುಂಬ ಸೂಕ್ಷ್ಮ ವಿವರದ ಡಿಜಿಟಲ್ ಪ್ರತಿ ಇದೆ. ಅದನ್ನು ಹುಡುಕಿ.

ಹಾಗಂತ ಕೆಂಪಾಗಿ ಕಂಡದ್ದೆಲ್ಲ ಕಲೆ ಅಂದುಕೊಳ್ಳಬೇಡಿ. ಎಪ್ಪತ್ತರ ದಶಕದ ಸಾಧಾರಣ ಕಲರ್ ಪ್ರಿಂಟುಗಳಲ್ಲಿ ಸಯಾನ್ (ಹಸಿರು ಮಿಶ್ರಿತ ನೀಲಿ) ಬಣ್ಣ ಮೊದಲು ಮಾಸುತ್ತದೆ. ಉಳಿಯುವುದು ಗುಲಾಬಿ-ಕೆಂಪು. ನಮ್ಮ ಹಳೆಯ ಕನ್ನಡ ಪ್ರಿಂಟುಗಳ ಡಬ್ಬಿ ಬಿಚ್ಚಿದಾಗ ಎಷ್ಟೋ ಸಲ ನೋಡಿದ್ದೇನೆ. ಆಕಾಶ ಗುಲಾಬಿ, ತೆಂಗಿನ ಗರಿ ಕಂದು, ಹಸಿರು ಸೀರೆ ಒಣಗಿದ ಎಲೆ ಬಣ್ಣ. ಮೂಗಿಗೆ ವಿನೆಗರಿನ ಘಾಟು. ‘ನಾ ನಿನ್ನ ಬಿಡಲಾರೆ’ ನೋಡಿ ರಾತ್ರಿ ಹಿತ್ತಲಿಗೆ ಹೋಗಲು ಹೆದರುತ್ತಿದ್ದ ತಲೆಮಾರು ನನ್ನದು. ಆ ಕಾಲದ ಕನ್ನಡ ಚಿತ್ರಗಳ ಒಳ್ಳೆಯ ಪ್ರಿಂಟ್ ನೋಡುವ ಭಾಗ್ಯ ಇವತ್ತಿನವರಿಗೆ ಅಪರೂಪ. ಪರೀಕ್ಷೆ ಸುಲಭ. ಚಿತ್ರದಲ್ಲಿ ಎಲೆ, ಆಕಾಶ, ಬಿಳಿ ಗೋಡೆ ಬಂದಾಗ ನೋಡಿ. ಅವೂ ಕೆಂಪಾಗಿದ್ದರೆ ಪ್ರಿಂಟ್ ಕೆಟ್ಟಿದೆ. ‘ಸಸ್ಪಿರಿಯಾ’ದಲ್ಲಿ ಒಂದೇ ಚೌಕಟ್ಟಿನೊಳಗೆ ಕೆಂಪೂ ಇರುತ್ತದೆ, ಶುದ್ಧ ನೀಲಿಯೂ ಇರುತ್ತದೆ.

‘ದಿ ವಿಕರ್ ಮ್ಯಾನ್’ಗೆ ಬರುವ ಮೊದಲು ಒಂದು ಸಣ್ಣ ಲೆಕ್ಕ. ನಮ್ಮ ಟಿವಿ, ಯೂರೋಪಿನ ಟಿವಿ ಹಿಂದೆ ಸೆಕೆಂಡಿಗೆ 25 ಫ್ರೇಮಿನ ಪಾಲ್ ಪದ್ಧತಿಯವು. 24ರ ಸಿನಿಮಾವನ್ನು 25ರಲ್ಲಿ ಓಡಿಸುತ್ತಿದ್ದರು. 100 ನಿಮಿಷದ ಚಿತ್ರ 96 ನಿಮಿಷ ಆಗುತ್ತಿತ್ತು, ಧ್ವನಿ ಒಂದಿಷ್ಟು ಕೀಚಲಾಗುತ್ತಿತ್ತು. ಒಂದು ಶಾಟೂ ಕಟ್ ಆಗಿರುವುದಿಲ್ಲ. ಹಳೆಯ ಡಿವಿಡಿಯ ಹಿಂದೆ ಬರೆದ ನಿಮಿಷ ನೋಡಿ ‘ಸೆನ್ಸಾರ್ ಕತ್ತರಿಸಿದೆ’ ಅಂತ ಕೂಗಾಡುವವರಲ್ಲಿ ಎಷ್ಟೋ ಜನ ಈ ಲೆಕ್ಕ ಮರೆತಿರುತ್ತಾರೆ. ನಿಮ್ಮಿಬ್ಬರ ಕಾಪಿಗೆ ಇದನ್ನು ಹಾಕಿ ನೋಡಿ. 94 ನಿಮಿಷಕ್ಕೆ ನಾಲ್ಕು ಪರ್ಸೆಂಟ್ ಕಳೆದರೆ 90 ಚಿಲ್ಲರೆ. 88 ಬರುವುದಿಲ್ಲ. ಅಂದಮೇಲೆ ಇಲ್ಲಿ ನಿಜವಾಗಿಯೂ ಬೇರೆ ಬೇರೆ ಆವೃತ್ತಿಗಳಿವೆ.

1973ರಲ್ಲಿ ಈ ಚಿತ್ರ ಮುಗಿದಾಗ ಅದರ ಕಂಪನಿಯಲ್ಲಿ ಮೇಲಿನವರು ಬದಲಾಗಿದ್ದರು. ಹೊಸಬರಿಗೆ ಚಿತ್ರ ಹಿಡಿಸಲಿಲ್ಲ. ಕತ್ತರಿಸಿ 88 ನಿಮಿಷ ಮಾಡಿ, ಇನ್ನೊಂದು ಚಿತ್ರದ ಜೊತೆಗೆ ಜೋಡಿಯಾಗಿ ಬಿಡುಗಡೆ ಮಾಡಿದರು. ಕತ್ತರಿಸಿದ ನೆಗೆಟಿವ್ ಕಳೆದೇಹೋಯಿತು. ಇಂಗ್ಲೆಂಡಿನ ಹೆದ್ದಾರಿ ಕಟ್ಟುವಾಗ ಮಣ್ಣಿನ ಜೊತೆ ಹೂತುಹೋಯಿತು ಅನ್ನುವ ಕಥೆ ಜನರ ಬಾಯಲ್ಲಿದೆ. ಕೇಳಲು ಚೆಂದ, ಪುರಾವೆ ಇಲ್ಲ. ಉದ್ದದ ಆವೃತ್ತಿಯ ಒಂದು ಪ್ರಿಂಟ್ ಹಿಂದೆಯೇ ಅಮೆರಿಕದ ನಿರ್ಮಾಪಕ ರೋಜರ್ ಕೊರ್ಮನ್ ಅವರಿಗೆ ಹೋಗಿತ್ತು. ಅದರಿಂದ ತೆಗೆದ ಟೇಪಿನಿಂದ 99 ನಿಮಿಷದ ಆವೃತ್ತಿ ಉಳಿಯಿತು. ಅದನ್ನು ನೋಡುವಾಗ ಮಧ್ಯೆ ಮಧ್ಯೆ ಚಿತ್ರ ಇದ್ದಕ್ಕಿದ್ದಂತೆ ಮಸುಕಾಗುತ್ತದೆ. ನಿಮ್ಮ ಇಂಟರ್ನೆಟ್ ನಿಧಾನವಾಗಿದೆ ಅಂದುಕೊಳ್ಳಬೇಡಿ, ಅಲ್ಲಿ ಟೇಪು ಶುರುವಾಗಿದೆ ಅಂತ ಅರ್ಥ. 2013ರಲ್ಲಿ ಹಾರ್ವರ್ಡ್ ಫಿಲ್ಮ್ ಆರ್ಕೈವ್‌ನಲ್ಲಿ ಸಿಕ್ಕ ಪ್ರಿಂಟಿನ ಸಹಾಯದಿಂದ ನಿರ್ದೇಶಕ ಹಾರ್ಡಿ ಒಪ್ಪಿದ 94 ನಿಮಿಷದ ‘ಫೈನಲ್ ಕಟ್’ ಬಂತು. ನಿಮ್ಮ ಚಿಕ್ಕಪ್ಪನ ಮಗ ನೋಡಿದ್ದು ಇದೇ ಇರಬೇಕು.

ವ್ಯತ್ಯಾಸ ಕಂಡುಹಿಡಿಯಲು ನಿಮಿಷ ಎಣಿಸುವುದೂ ಬೇಡ. ದ್ವೀಪದ ಹೋಟೆಲಿನ ಕಿಟಕಿಯ ಕೆಳಗೆ ಲಾರ್ಡ್ ಪಾತ್ರದ ಕ್ರಿಸ್ಟೋಫರ್ ಲೀ ರಾತ್ರಿ ಒಬ್ಬ ಹುಡುಗನನ್ನು ಕರೆತಂದು ನಿಲ್ಲಿಸುತ್ತಾರೆ, ಕೆಳಗೆ ಜನ ಮೆಲ್ಲಗೆ ಹಾಡುತ್ತಾರೆ. ಈ ದೃಶ್ಯ ಇದ್ದರೆ ಉದ್ದದ್ದು ಅಥವಾ ನಡುವಿನದು. ಇಲ್ಲದಿದ್ದರೆ ಗಿಡ್ಡದ್ದು. ಗಿಡ್ಡದರಲ್ಲಿ ಲೀ ಬರುವುದೇ ತಡವಾಗಿ. ನನ್ನನ್ನು ಕೇಳಿದರೆ 94ರದ್ದೇ ತೋರಿಸಿ. ಆದರೆ ನೀವು 88 ನೋಡಿ ಬೆಚ್ಚಿದ್ದರೆ ಆ ಬೆಚ್ಚಿದ್ದು ಸುಳ್ಳಲ್ಲ. ಕೊನೆಯ ಹತ್ತು ನಿಮಿಷದ ಏಟು ಮೂರರಲ್ಲೂ ಒಂದೇ.

‘ನೈಟ್ ಆಫ್ ದ ಲಿವಿಂಗ್ ಡೆಡ್’ ಪೈರಸಿ ಅಲ್ಲ. 1968ರಲ್ಲಿ ಅಮೆರಿಕದ ಕಾನೂನಿನ ಪ್ರಕಾರ ಚಿತ್ರದ ಮೇಲೆ ಕಾಪಿರೈಟ್ ಸೂಚನೆ ಇರಲೇಬೇಕಿತ್ತು. ಚಿತ್ರಕ್ಕೆ ಮೊದಲು ಇದ್ದ ಹೆಸರು ಬೇರೆ. ಹಂಚಿಕೆದಾರರು ಹೆಸರು ಬದಲಿಸಿ ಹೊಸ ಟೈಟಲ್ ಹಾಕುವಾಗ, ಹಳೆಯ ಟೈಟಲ್ ಜೊತೆಗಿದ್ದ ಆ ಸೂಚನೆಯೂ ಕಿತ್ತುಹೋಯಿತು. ಅಷ್ಟೇ. ಒಂದು ಕಾರ್ಡಿನ ಎಡವಟ್ಟಿಗೆ ಚಿತ್ರ ಸಾರ್ವಜನಿಕರ ಸೊತ್ತಾಯಿತು. ನಿರ್ದೇಶಕ ಜಾರ್ಜ್ ರೊಮೆರೊ ತಂಡ ಬೆವರು ಸುರಿಸಿದ ಚಿತ್ರವನ್ನು ಯಾರು ಬೇಕಾದರೂ ಮಾರಿಕೊಂಡರು. ಹೊರದೇಶದ ಕೃತಿಗೆ ಅದರ ತವರಲ್ಲಿ ಇರುವುದಕ್ಕಿಂತ ಹೆಚ್ಚಿನ ಅವಧಿಯನ್ನು ನಮ್ಮ ಕಾನೂನೂ ಕೊಡುವುದಿಲ್ಲ. ಆದರೆ ಒಂದು ಎಚ್ಚರ: ಹೊಸದಾಗಿ ಸೇರಿಸಿದ ಸಂಗೀತ, ಸಬ್‌ಟೈಟಲ್, ಬಣ್ಣ ಹಚ್ಚಿದ ಆವೃತ್ತಿ, ಇವಕ್ಕೆ ಬೇರೆ ಹಕ್ಕುದಾರರು ಇರಬಹುದು.

ಪುಕ್ಕಟೆ ಕಾಪಿಗಳಲ್ಲಿ ಇನ್ನೊಂದು ತೊಂದರೆ ಇದೆ. ಹೆಚ್ಚಿನವು ಸವೆದ ಪ್ರಿಂಟಿನ ಮೊಮ್ಮಕ್ಕಳು. ಕಪ್ಪೆಲ್ಲ ಮಸಿ, ಬಿಳಿಯೆಲ್ಲ ಸುಣ್ಣ. ಇದನ್ನೇ ನೋಡಿ ಜನ ‘ಸಾಕ್ಷ್ಯಚಿತ್ರದ ಹಾಗೆ ಒರಟಾಗಿದೆ, ಅದೇ ಅದರ ಸೊಗಸು’ ಅನ್ನುತ್ತಾರೆ. ಮೂಲ ನೆಗೆಟಿವ್ ಉಳಿದಿತ್ತು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ 2016ರಲ್ಲಿ ಅದರಿಂದ 4ಕೆ ಪ್ರತಿ ಮಾಡಿಸಿದವು. ಅದರಲ್ಲಿ ಬೂದು ಬಣ್ಣದ ಎಷ್ಟು ಪದರಗಳಿವೆ ಅಂದರೆ, ರಕ್ತಕ್ಕೆ ಬಳಸಿದ ಚಾಕೊಲೇಟ್ ಸಿರಪ್ಪಿನ ಹೊಳಪೂ ಕಾಣುತ್ತದೆ.

‘ಕ್ಯಾನಿಬಲ್ ಹೊಲೊಕಾಸ್ಟ್’ ಬಗ್ಗೆ ನಿಮಗೆ ಹೇಳಿದ್ದು ಅರ್ಧ ಸುಳ್ಳು, ಅರ್ಧ ಅದಕ್ಕಿಂತ ಕೆಟ್ಟದ್ದು. ಮನುಷ್ಯರು ಯಾರೂ ಸತ್ತಿಲ್ಲ. 1980ರಲ್ಲಿ ಚಿತ್ರ ಬಂದಾಗ ಇಟಲಿಯಲ್ಲಿ ನಿರ್ದೇಶಕ ಡಿಯೊಡಾಟೊ ಮೇಲೆ ಕೊಲೆಯ ಆರೋಪವೇ ಬಂತು. ನಟರು ಒಂದು ವರ್ಷ ಎಲ್ಲೂ ಕಾಣಿಸಿಕೊಳ್ಳಬಾರದು ಅಂತ ಇವರೇ ಒಪ್ಪಂದ ಮಾಡಿಸಿಕೊಂಡಿದ್ದರು. ಈಗ ಅವರನ್ನೇ ಹುಡುಕಿ ಕರೆತಂದು ಬದುಕಿದ್ದಾರೆ ಅಂತ ತೋರಿಸಬೇಕಾಯಿತು. ಕಂಬಕ್ಕೆ ಚುಚ್ಚಿದ ಹುಡುಗಿಯ ದೃಶ್ಯದ ಗುಟ್ಟೂ ಹೊರಬಂತು. ಅವಳು ಕೂತಿದ್ದದ್ದು ಕಬ್ಬಿಣದ ಕಂಬಕ್ಕೆ ಜೋಡಿಸಿದ ಸೈಕಲ್ ಸೀಟಿನ ಮೇಲೆ, ಬಾಯಲ್ಲಿ ಕಚ್ಚಿದ್ದದ್ದು ಹಗುರ ಮರದ ತುಂಡು. ಆದರೆ ಪ್ರಾಣಿಗಳನ್ನು ಕ್ಯಾಮೆರಾ ಮುಂದೆ ನಿಜವಾಗಿ ಕೊಂದಿದ್ದಾರೆ. ಆಮೆಯ ದೃಶ್ಯ ನಾನು ಕೆಲಸದ ಮೇಲೂ ಪೂರ್ತಿ ನೋಡಲಾರೆ. ನಿಮಗೆ ಧೈರ್ಯ ಬರದಿದ್ದದ್ದು ಒಳ್ಳೆಯದೇ ಆಯಿತು. ಗೆಳೆಯರಿಗಂತೂ ಹೇಳದೆ ತೋರಿಸಬೇಡಿ. ‘ಸಿಕ್ಕ ರೀಲು’, ಅಂದರೆ ಯಾರೋ ತೆಗೆದ ನಿಜವಾದ ಚಿತ್ರೀಕರಣ ಸಿಕ್ಕಿದೆ ಅನ್ನುವ ಹಾಗೆ ಕಥೆ ಹೇಳುವ ಈ ತಂತ್ರ ಆಮೇಲೆ 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ಗೆ ಬಂತು, 2013ರಲ್ಲಿ ನಮ್ಮ ‘6-5=2’ ಚಿತ್ರಕ್ಕೂ ಬಂತು. ಅದು ನಿಜವಾದ ಟ್ರೆಕ್ಕಿಂಗ್ ವಿಡಿಯೋ ಅಂತ ಇವತ್ತಿಗೂ ವಾದ ಮಾಡುವವರು ನನಗೆ ಸಿಗುತ್ತಾರೆ. ಶಾಟುಗಳನ್ನು ನೋಡಿದರೆ ಎಲ್ಲಿ ಕಟ್ ಮಾಡಬೇಕು ಅಂತ ಗೊತ್ತಿರುವವರು ಮಾಡಿದ್ದು ಅಂತ ತಿಳಿಯುತ್ತದೆ.

ಇಷ್ಟು ಓದಿ ಎಲ್ಲ ವಿಚಿತ್ರಕ್ಕೂ ಕಾಪಿಯನ್ನೇ ಬೈಯಲು ಹೊರಡಬೇಡಿ. ನೀವು ಮುಂದೆ ಜಪಾನಿನ 1977ರ ‘ಹೌಸ್’ ನೋಡುತ್ತೀರಿ ಅಂತ ಭಾವಿಸುತ್ತೇನೆ. ಪಿಯಾನೊ ಹುಡುಗಿಯನ್ನು ನುಂಗುತ್ತದೆ, ಹಿಂದಿನ ಆಕಾಶ ಬಣ್ಣ ಬಳಿದ ಪರದೆ ಅಂತ ಎದ್ದು ಕಾಣುತ್ತದೆ. ಜಾಹೀರಾತು ಮಾಡಿ ಪಳಗಿದ ನಿರ್ದೇಶಕ ಒಬಯಾಶಿ ತಮ್ಮ ಪುಟ್ಟ ಮಗಳನ್ನು ‘ನಿನಗೆ ಯಾವುದಕ್ಕೆ ಭಯ?’ ಅಂತ ಕೇಳಿ ಅದರಿಂದ ಎಷ್ಟೋ ದೃಶ್ಯ ಕಟ್ಟಿದರು. ಅಲ್ಲಿ ಸುಳ್ಳು ಸುಳ್ಳಾಗಿಯೇ ಕಾಣಬೇಕು. ಯಾವ 4ಕೆ ಬಂದರೂ ಅದು ಸರಿಹೋಗುವುದಿಲ್ಲ, ಹೋಗಬಾರದು.

ನೀವು ಬರೆಯದ ಒಂದು ವಿಷಯ ಕೇಳುತ್ತೇನೆ. ಸಿನಿಮಾ ನೋಡುವಾಗ ಎಲ್ಲ ಸೀರಿಯಲ್ ಥರ ನುಣುಪಾಗಿ ಓಡುತ್ತಿದೆ ಅನ್ನಿಸುತ್ತದಾ? ಹಾಗಿದ್ದರೆ ನಿಮ್ಮ ಟಿವಿಯೇ ಕಳ್ಳ. ಈಗಿನ ಟಿವಿಗಳು ಎರಡು ಫ್ರೇಮಿನ ಮಧ್ಯೆ ಇಲ್ಲದ ಫ್ರೇಮುಗಳನ್ನು ತಾವೇ ಹುಟ್ಟಿಸಿ ಸೇರಿಸುತ್ತವೆ. ಕ್ರಿಕೆಟ್‌ಗೆ ಒಳ್ಳೆಯದು, ಹಾರರ್‌ಗೆ ವಿಷ. ಸೆಟ್ಟಿಂಗ್ಸ್‌ನಲ್ಲಿ ಮೋಷನ್ ಅನ್ನುವ ಹೆಸರಿನದೇನಿದ್ದರೂ ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಅಥವಾ ಸಿನಿಮಾ ಮೋಡ್ ಇದ್ದರೆ ಅದನ್ನು ಹಾಕಿ. ಶಾರ್ಪ್‌ನೆಸ್ ಇಳಿಸಿ. ನಾಯ್ಸ್ ರಿಡಕ್ಷನ್ ಕೂಡ ಆಫ್. ‘ದಿ ಟೆಕ್ಸಸ್ ಚೈನ್ ಸಾ ಮ್ಯಾಸಕರ್’ ಥರದವನ್ನು 16 ಎಂಎಂ ಫಿಲ್ಮಿನಲ್ಲಿ ತೆಗೆದು ದೊಡ್ಡದು ಮಾಡಿದ್ದು. ಅದರ ಮೇಲೆ ರವೆ ಚೆಲ್ಲಿದ ಹಾಗೆ ಕಾಣುವ ಕಣಗಳೇ ಚಿತ್ರ. ಅವನ್ನು ಒರೆಸಿದರೆ ಮುಖಗಳೆಲ್ಲ ಮೇಣದ ಬೊಂಬೆ. ಇಷ್ಟಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ನನ್ನ ಪ್ರಕಾರ ಮೊದಲು ಮಾಡಬೇಕಾದ್ದು ಇದು.

ಶನಿವಾರದ ಕೂಟಕ್ಕೆ ಕಾಪಿ ಎಲ್ಲಿಂದ ತರುವುದು? ಒಟಿಟಿಯಲ್ಲಿ ಸುಲಭ. ಆದರೆ ಯಾವ ಆವೃತ್ತಿ ಅಂತ ಹೆಚ್ಚಿನವು ಹೇಳುವುದಿಲ್ಲ, ಇವತ್ತು ಇದ್ದದ್ದು ನಾಳೆ ಮಾಯ. ಡಿಸ್ಕ್ ತರಿಸಿದರೆ ಆವೃತ್ತಿ ಖಾತ್ರಿ. ಆದರೆ ಬ್ಲೂ-ರೇಗೆ ಪ್ರದೇಶದ ಬೀಗ ಇರುತ್ತದೆ. ಅಮೆರಿಕ ‘ಎ’, ಬ್ರಿಟನ್ ‘ಬಿ’, ನಾವು ‘ಸಿ’. ಅಲ್ಲಿನ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದೇ ಇರಬಹುದು. 4ಕೆ ಡಿಸ್ಕಿಗೆ ಈ ಬೀಗ ಇಲ್ಲ, ಪ್ಲೇಯರ್ ಮಾತ್ರ ದುಬಾರಿ. ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಗೆಯೇ ‘ರಿಸ್ಟೋರ್ಡ್’ ಅಂತ ಬರೆದದ್ದೆಲ್ಲ ಸರಿ ಅಂತ ನಂಬಬೇಡಿ. ನಮ್ಮ ಕಸುಬಿನಲ್ಲೂ ಫ್ಯಾಷನ್ ಇದೆ. ಒಂದಷ್ಟು ವರ್ಷ ಎಲ್ಲ ರಾತ್ರಿಗೂ ಹಸಿರು-ನೀಲಿ ಬಳಿಯುವ ಚಾಳಿ ಇತ್ತು, ನಾನೂ ಬಳಿದಿದ್ದೇನೆ. ಯಾವ ನೆಗೆಟಿವ್ ಅಥವಾ ಪ್ರಿಂಟಿನಿಂದ ಮಾಡಿದ್ದು, ಯಾರು ಒಪ್ಪಿದ್ದು ಅಂತ ಹೇಳಿದ್ದರೆ ಅರ್ಧ ನಂಬಿಕೆ ಇಡಬಹುದು.

ಪ್ರೊಜೆಕ್ಟರಿಗೆ ಕತ್ತಲೆ ಮುಖ್ಯ, ದುಬಾರಿ ಪರದೆ ಅಲ್ಲ. ಸುಣ್ಣದ ಗೋಡೆಯೂ ನಡೆಯುತ್ತದೆ. ಅದರೊಳಗಿನ ಪುಟ್ಟ ಸ್ಪೀಕರನ್ನು ಮಾತ್ರ ನೆಚ್ಚಬೇಡಿ. ನಾಲ್ಕು ಸಾವಿರ ರೂಪಾಯಿ ಪ್ರೊಜೆಕ್ಟರಿಗೆ ಕಡಿಮೆ ಮಾಡಿ ಸ್ಪೀಕರಿಗೆ ಹಾಕಿ. ಮನೆಯ ಹಾಲ್‌ನಲ್ಲಿ ಗೆಳೆಯರಿಗೆ ತೋರಿಸುವುದು ಒಂದು, ಟಿಕೆಟ್ ಇಟ್ಟು ಸಭಾಭವನದಲ್ಲಿ ತೋರಿಸುವುದು ಇನ್ನೊಂದು. ಎರಡನೆಯದಕ್ಕೆ ಹಕ್ಕುದಾರರ ಅನುಮತಿ ಬೇಕು, ಸೆನ್ಸಾರ್ ನಿಯಮವೂ ಬರುತ್ತದೆ. ಕೂಟ ಬೆಳೆಯುವ ಲಕ್ಷಣ ಕಂಡರೆ ಫಿಲ್ಮ್ ಸೊಸೈಟಿಯಾಗಿ ನೋಂದಾಯಿಸಿಕೊಳ್ಳುವ ದಾರಿ ಇದೆ. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಿಂದ ಇದನ್ನು ನಡೆಸುತ್ತಿದೆ, ಹೋಗಿ ಮಾತಾಡಿಸಿ.

ಕೊನೆಗೆ ಅಟ್ಟದ ಪೆಟ್ಟಿಗೆ. ವಿದೇಶಿ ಚಿತ್ರಗಳ ಕ್ಯಾಸೆಟ್ ಆಗಿದ್ದರೆ ಅಷ್ಟೇನೂ ಬೆಲೆ ಇಲ್ಲ, ಎರಡೂ ಪಕ್ಕ ಕತ್ತರಿಸಿದ ಚಿತ್ರ ಇರುತ್ತದೆ. ಕನ್ನಡದ ಸಣ್ಣ ಹಾರರ್ ಚಿತ್ರ ಏನಾದರೂ ಇದ್ದರೆ ಮಾತು ಬೇರೆ. ಕೆಲವು ಚಿತ್ರಗಳು ಉಳಿದಿರುವುದೇ ಇಂಥ ಕ್ಯಾಸೆಟ್ಟಿನಲ್ಲಿ. ಆಸೆಗೆ ಬಿದ್ದು ಪ್ಲೇಯರಿಗೆ ತುರುಕಬೇಡಿ. ಕ್ಯಾಸೆಟ್ಟಿನ ಮೇಲಿನ ಪಾರದರ್ಶಕ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ಬೇರೆ ಚೀಲಕ್ಕೆ ಹಾಕಿ. ಅದು ಪ್ಲೇಯರಿನ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಉಳಿದವನ್ನು ಪುಸ್ತಕದ ಹಾಗೆ ನಿಲ್ಲಿಸಿ, ಅಟ್ಟದ ಬಿಸಿಯಿಂದ ಕೆಳಗಿಳಿಸಿ ಇಡಿ. ಲೇಬಲ್ ಮೇಲೆ ನಿಮ್ಮ ತಂದೆ ಏನು ಬರೆದಿದ್ದಾರೋ ಹಾಗೇ ಪಟ್ಟಿ ಮಾಡಿ ಕಳಿಸಿ, ಅರ್ಧ ಅಳಿಸಿಹೋಗಿದ್ದರೂ ಪರವಾಗಿಲ್ಲ.